ಅಜ್ಜಿಯರನ್ನು ಸಾಯಿಸಬಾರದೆಂದು ಹೇಳಿದ್ದ ಬೇಸಿಗೆ

ಮೊನ್ನೆ ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿ ಎನ್.ಆರ್. ಕಾಲೋನಿಯ ಒಳರಸ್ತೆಯಲ್ಲಿ ಮನೆಗೆ ನಡೆದು ಬರುತ್ತಿದ್ದಾಗ ಕಾಗೆಯೊಂದು ಹಿಂದಿನಿಂದ ಹಾರಿಬಂದು ನನ್ನ ನೆತ್ತಿಗೆ ಬಡಿದು ಹೋಯಿತು. ಪಕ್ಕದ ಹೊಂಗೆಮರದಲ್ಲಿ ಗೂಡಿತ್ತು, ಮರಿಗಳಿದ್ದಿರಬೇಕು. ಅದರದೇನೂ ತಪ್ಪಿಲ್ಲ. ಆದರೆ ಎದುರಿಗೆ ಬರುತ್ತಿದ್ದ, ಮುಖಪರಿಚಯವೂ ಇಲ್ಲದ ಹೆಂಗಸೊಬ್ಬರು ತರಕಾರಿ ಚೀಲ ಕೆಳಗಿಟ್ಟು ನಿಂತರು. “ಅಯ್ಯೋ, ತಲೆಗೇ ಮುಟ್ಬಿಡ್ತಲ್ರೀ. ಮೊದ್ಲು ತಲೆಗೆ ಸ್ನಾನ ಮಾಡಿ. ಆಮೇಲೆ ಯಾರಾದ್ರೂ ನೆಂಟ್ರಿಗೆ ಒಂದು ಸುಳ್ಳುಸುದ್ದಿ ಹೇಳಿಸ್ಬಿಡಿ” ಎಂದರು. ನಾನು ಸತ್ತೆನೆಂಬ ಸುದ್ದಿ. ಕೇಳಿದವರು ನಿಜವೆಂದು ನಂಬಿ ಅತ್ತುಬಿಟ್ಟರೆ ಕಾಗೆ ಮುಟ್ಟಿದ ದೋಷ ಅಲ್ಲಿಗೆ ಕಳೆಯಿತು, ಆಮೇಲೆ ಇಲ್ಲ, ಚೆನ್ನಾಗಿದ್ದಾರೆ ಎಂದು ಹೇಳಿಬಿಟ್ಟರಾಯಿತು. ನಮ್ಮ ಕಡೆಯ ಹಳೆಯ ಪದ್ಧತಿ. ನಾನು ಆಗಲಿ ಎಂದು ತಲೆಯಾಡಿಸಿ ಮುಂದೆ ಹೋದೆ. ಹೋಗುತ್ತಾ ಹೋಗುತ್ತಾ ಕೋಪ ಏರತೊಡಗಿತು. ಕಾಗೆಯ ಮೇಲಲ್ಲ, ಆ ಹೆಂಗಸಿನ ಮೇಲೂ ಅಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಒಂದು ಇಡೀ ಬೇಸಿಗೆಯನ್ನು ತಿಂದುಹಾಕಿದ ಚಿಕ್ಕತಾಯಮ್ಮ ಎಂಬ ಅಜ್ಜಿಯ ಮೇಲೆ.

ನಾನು ಆಗಲೂ ಈಗಲೂ ಚಾಮರಾಜಪೇಟೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ನನ್ನ ತರಗತಿಗೆ ಬರುವವರು ಬಿ.ಕಾಂ. ಮಕ್ಕಳು. ಜಿ.ಎಸ್.ಟಿ. ಕಲಿಯಲು ಬಂದವರಿಗೆ ಕನ್ನಡ ದಾರಿಯಲ್ಲಿ ಸಿಗುವ ಟ್ರಾಫಿಕ್ ಸಿಗ್ನಲ್ ಇದ್ದ ಹಾಗೆ, ನಿಲ್ಲಲೇಬೇಕಲ್ಲ ಎಂದು ನಿಲ್ಲುತ್ತಾರೆ. ಆ ವರ್ಷ ಹೊಸ ಪಠ್ಯಕ್ರಮ ಬಂದು ಅವರಿಗೆ ಸೃಜನಶೀಲ ಬರವಣಿಗೆ ಎಂಬ ಒಂದು ಪತ್ರಿಕೆಯನ್ನೂ ಕಟ್ಟಿದರು. ಕಲಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಸಿಬ್ಬಂದಿ ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೇ ನನ್ನ ಕಡೆ ನೋಡಿದರು. ಸಾಲದ್ದಕ್ಕೆ ಪ್ರಿನ್ಸಿಪಾಲರು ಕರೆಸಿ, “ಆ ಮಕ್ಕಳು ಬರೆದದ್ದನ್ನೇ ಮ್ಯಾಗಜೀನ್‌ಗೆ ಹಾಕೋಣ ಮೇಡಂ. ಒಂದು ಥೀಮ್ ಇರ್ಲಿ. ವಲ್ನರಬಿಲಿಟಿ, ಫ್ಯಾಮಿಲಿ, ಮೆಮೊರಿ, ಫೇತ್” ಎಂದರು.

“ಒಂದು ಅಂದ್ರಿ, ನಾಲ್ಕಾಯ್ತಲ್ಲ ಸರ್” ಎಂದೆ.

“ಎಲ್ಲಾ ಒಂದೇ ಮೇಡಂ” ಎಂದರು ಅವರು, ಬೇರೆ ಫೈಲು ಎಳೆದುಕೊಳ್ಳುತ್ತಾ.

ತರಗತಿಗೆ ಹೋಗಿ ನನಗೆ ತೋಚಿದ ಹಾಗೆ ಹೇಳಿದೆ. ಎಲ್ಲಿ ಮುಟ್ಟಿದರೆ ನೋಯುತ್ತದೋ ಅಲ್ಲಿ ಕೈಯಿಟ್ಟು ಬರೆಯಿರಿ, ಚೆನ್ನಾಗಿ ಬರೆದರೆ ಓದಿದವರ ಕಣ್ಣಲ್ಲೂ ನೀರು ಬರುತ್ತದೆ ಎಂದೆ. ಇಡೀ ತರಗತಿ ಒಗ್ಗಟ್ಟಾಗಿ ಹೋಗಿ ಅಜ್ಜಿಯ ಮೇಲೆ ಕೈಯಿಟ್ಟಿತು. ಮುಂದಿನ ವಾರ ನನ್ನ ಮೇಜಿನ ಮೇಲೆ ಬಿದ್ದ ಬರಹಗಳಲ್ಲಿ ಅಜ್ಜಿ ಸಾಯದೆ ಉಳಿದದ್ದು ಬೆರಳೆಣಿಕೆಯಷ್ಟು, ಅವುಗಳಲ್ಲಿ ತಾತ ಸತ್ತಿದ್ದರು. ಎಲ್ಲ ಅಜ್ಜಿಯರೂ ಮಮತೆಯ ಸಾಗರ. ಎಲ್ಲರೂ ಮುಂಜಾನೆ ಎದ್ದು ದೀಪ ಹಚ್ಚುತ್ತಿದ್ದರು, ಕೈತುತ್ತು ಹಾಕುತ್ತಿದ್ದರು, ಕೊನೆಗೆ ಒಂದು ಮಳೆ ಬರುವ ದಿನ ನೋಡಿಕೊಂಡು ತೀರಿಕೊಳ್ಳುತ್ತಿದ್ದರು. ಫೋನಿನ ಆ್ಯಪ್‌ಗೆ ಹೇಳಿ ಬರೆಸಿಕೊಂಡವರೂ ಇದ್ದರು. ಅವರಲ್ಲಿ ಎಷ್ಟೋ ಜನರ ಅಜ್ಜಿಯರ ಸುಕ್ಕುಗಟ್ಟಿದ ಕೈಗಳು ಒಂದೇ ವಾಕ್ಯದಲ್ಲಿ ನಡುಗುತ್ತಿದ್ದವು.

ದರ್ಶನ್ ಎಂಬ ಹುಡುಗನನ್ನು ಎಬ್ಬಿಸಿ ಕೇಳಿದೆ. “ನಿಮ್ಮಜ್ಜಿ ಹೋದ ಸೆಮಿಸ್ಟರ್‌ನಲ್ಲೇ ತೀರಿಕೊಂಡಿದ್ರಲ್ಲೋ?”

“ಅದು ಅಪ್ಪನ ಕಡೆ ಅಜ್ಜಿ ಮ್ಯಾಮ್. ಇದು ಅಮ್ಮನ ಕಡೆ.”

“ಇಬ್ರೂ ಇದಾರೋ ಇಲ್ವೋ, ಅದನ್ನ ಹೇಳು.”

“ಇದಾರೆ ಮ್ಯಾಮ್. ಚೆನ್ನಾಗಿದಾರೆ.” ಅವನ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

ಅವತ್ತೇ ಆಜ್ಞೆ ಹೊರಡಿಸಿದೆ. ಈ ಸೆಮಿಸ್ಟರ್ ಮುಗಿಯುವವರೆಗೆ ನನ್ನ ತರಗತಿಯಲ್ಲಿ ಯಾರ ಅಜ್ಜಿಯೂ ಸಾಯುವಂತಿಲ್ಲ, ಸತ್ತರೆ ಸೊನ್ನೆ. ಹೊರಗೆ ಏಪ್ರಿಲ್ ಬಿಸಿಲು. ನಮ್ಮ ಕೊಠಡಿಗೆ ಶೀಟಿನ ಮಾಡು. ರಸ್ತೆಯಲ್ಲಿ ಕೊಳವೆ ಹಾಕಲು ಅಗೆದು ಹಾಗೇ ಬಿಟ್ಟು ಹೋಗಿದ್ದರು, ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಸೆಖೆ. ಮಕ್ಕಳು ಸರಿ ಮ್ಯಾಮ್ ಎಂದರು. ಮುಂದಿನ ಸಲ ಅರ್ಧ ತರಗತಿಯ ನಾಯಿಗಳು ಸತ್ತವು.

ಒಬ್ಬಳು ಮಾತ್ರ ಮತ್ತೆ ಅಜ್ಜಿಯನ್ನೇ ಸಾಯಿಸಿ ತಂದಳು. ಸಿಂಚನ. ಎರಡನೆಯ ಬೆಂಚಿನ ತುದಿಯಲ್ಲಿ ಕೂತು ಮಾತೇ ಆಡದ ಹುಡುಗಿ. ಕೆಂಪು ಶಾಯಿಯಲ್ಲಿ ‘ಬೇರೆ ವಿಷಯ’ ಎಂದು ಬರೆದು ಕೊಟ್ಟೆ. ಎರಡು ದಿನ ಬಿಟ್ಟು ಮತ್ತೆ ತಂದಳು, ಮತ್ತೆ ಅಜ್ಜಿ, ಈ ಸಲ ಸಾವು ಮೊದಲ ಸಾಲಿನಲ್ಲೇ. ಹಿಂದಿರುಗಿಸಿದೆ. ಮೂರನೆಯ ಸಲ ತಂದಾಗ ಸಿಬ್ಬಂದಿ ಕೋಣೆಯಲ್ಲಿ ನನ್ನ ಊಟದ ಡಬ್ಬಿಯ ಪಕ್ಕವೇ ಇಟ್ಟಳು. ನನಗೆ ತಾಳ್ಮೆ ತಪ್ಪಿತು.

“ಸಿಂಚನ, ನಿಂಗೆ ಕನ್ನಡ ಅರ್ಥ ಆಗುತ್ತಾ?”

“ಆಗುತ್ತೆ ಮ್ಯಾಮ್. ಬೇರೆ ಏನ್ ಬೇಕಾದ್ರೂ ಬರೀತೀನಿ. ಇದೊಂದನ್ನ ಕ್ಲಾಸಲ್ಲಿ ಓದೋಕ್ ಬಿಡಿ. ಯಾರಾದ್ರೂ ಒಬ್ರು ಅಳ್ಬೇಕು, ಅಷ್ಟೆ. ಇಲ್ದಿದ್ರೆ ನಮ್ಮಜ್ಜಿ ಆಪರೇಷನ್ ಮಾಡಿಸ್ಕೊಳಲ್ಲ.”

ನಾನು ಡಬ್ಬಿ ಮುಚ್ಚಿದೆ.

ಅವಳು ನಿಂತೇ ಹೇಳಿದ್ದು ಇಷ್ಟು. ಅವರದು ಮಾಗಡಿ ಕಡೆಯ ಕುಟುಂಬ. ತಾತನ ಕಾಲದಲ್ಲೇ ಬೆಂಗಳೂರಿಗೆ ಬಂದು ಚಾಮರಾಜಪೇಟೆಯಲ್ಲಿ ನೆಲೆ ನಿಂತವರು. ಅಪ್ಪ ಮಂಜುನಾಥ ಬಳೇಪೇಟೆಯಲ್ಲಿ ಪಾತ್ರೆ, ಪ್ಲಾಸ್ಟಿಕ್ ಸಾಮಾನಿನ ಸಗಟು ವ್ಯಾಪಾರ ಮಾಡುತ್ತಾರೆ. ಅಜ್ಜಿ ಚಿಕ್ಕತಾಯಮ್ಮ ಅವರ ತಾಯಿ. ಅಜ್ಜಿಗೆ ಹೊಟ್ಟೆಯಲ್ಲಿ ಗಡ್ಡೆ. ತಡ ಮಾಡದೆ ತೆಗೆದುಬಿಡಬೇಕು ಎಂದು ಡಾಕ್ಟರು ದಿನ ಕೊಟ್ಟಿದ್ದರು. ಆಸ್ಪತ್ರೆಗೆ ಸೇರುವ ಮುಂಚೆ ಒಂದು ಸಲ ಸಂಡಿಗೆ ಹಾಕಿಬಿಡೋಣ, ತಾನಿಲ್ಲದಿದ್ದರೆ ಈ ಮನೆಯಲ್ಲಿ ಯಾರು ಹಾಕುತ್ತಾರೆ ಎಂದು ಅಜ್ಜಿ ತಾರಸಿ ಹತ್ತಿದರು. ಅಲ್ಲಿ ಕಾಗೆ ತಲೆಗೆ ಮುಟ್ಟಿತು. ಸುಳ್ಳುಸುದ್ದಿ ಕೇಳಿ ಯಾರಾದರೂ ಅತ್ತು ದೋಷ ಕಳೆಯುವ ತನಕ ಹೊಟ್ಟೆಗೆ ಕತ್ತಿ ಹಾಕಿಸಿಕೊಳ್ಳುವುದಿಲ್ಲ ಎಂದು ಅಜ್ಜಿ ಕೂತುಬಿಟ್ಟರು.

“ಸರಿ, ಫೋನ್ ಮಾಡ್ಬೇಕಾಗಿತ್ತು” ಎಂದೆ.

“ಎಲ್ರಿಗೂ ಮಾಡಾಯ್ತು ಮ್ಯಾಮ್. ಅಜ್ಜಿ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂತಿದ್ರು. ಅಜ್ಜಿ ತಂಗಿಗೆ ಮಾಡಿದ್ರೆ ‘ಔದಾ? ಕಾಗೆನಾ?’ ಅಂದ್ರು. ವಿಜಯನಗರದ ಅತ್ತೆ ಒಲೆ ಮೇಲೆ ಸಾರಿದೆ, ಆಮೇಲ್ ಅಳ್ತೀನಿ ಅಂದ್ರು. ಮೈಸೂರಿನ ಅತ್ತೆ ವಾಟ್ಸ್ಯಾಪಲ್ಲಿ ಅಳೋ ಮುಖ ಕಳ್ಸಿದ್ರು, ಒಂದೈದಾರು. ಎಲ್ರಿಗೂ ಗೊತ್ತು ಮ್ಯಾಮ್ ಈ ಶಾಸ್ತ್ರ, ಯಾರೂ ನಂಬಲ್ಲ.”

“ಹಾಗಾದ್ರೆ ಮನೇಲಿ ನೀವೇ ಯಾರಾದ್ರೂ ಅತ್ತುಬಿಡಿ.”

“ಗೊತ್ತಿರೋರು ಅತ್ರೆ ಆಗಲ್ವಂತೆ.”

“ಕಾಲೇಜಲ್ಲಿ ಎಲ್ಲಾ ಅತ್ರು ಅಂತ ಸುಳ್ಳು ಹೇಳು. ನನ್ನ ಹೆಸ್ರು ಹೇಳು ಬೇಕಾದ್ರೆ.”

ಆ ಹುಡುಗಿ ಮೊದಲ ಸಲ ನನ್ನನ್ನು ಸ್ವಲ್ಪ ಕೀಳಾಗಿ ನೋಡಿದಳು. “ದೀಪ ಮುಟ್ಟಿಸಿ ಕೇಳ್ತಾರೆ ಮ್ಯಾಮ್. ದೀಪ ಮುಟ್ಟಿ ಹೆಂಗೆ ಸುಳ್ಳು ಹೇಳ್ಲಿ?”

ಮೊದಲು ಕೊಟ್ಟ ದಿನ ಹೀಗೇ ಕಳೆದುಹೋಗಿತ್ತು. ಡಾಕ್ಟರು ಬಯ್ದು ಜೂನ್ ಮೊದಲ ವಾರಕ್ಕೆ ಇನ್ನೊಂದು ದಿನ ಕೊಟ್ಟಿದ್ದರು. ಅದೂ ತಪ್ಪಿದರೆ ಗಡ್ಡೆ ಕಾಯುವುದಿಲ್ಲ ಎಂದಿದ್ದರಂತೆ.

ನಾನು ಕನ್ನಡ ಎಂ.ಎ. ಮಾಡಿದವಳು, ಕಾಗೆಯ ದೋಷ ಕಳೆಯುವವಳಲ್ಲ. ಅದನ್ನೇ ಅವಳಿಗೂ ಹೇಳಿದೆ. ಹೇಳಿ, ಅವಳ ಹಾಳೆಯನ್ನು ಎಳೆದುಕೊಂಡು ಓದಿದೆ. ‘ನನ್ನ ಅಜ್ಜಿ ಮಮತೆಯ ಮೂರ್ತಿಯಾಗಿದ್ದರು’ ಎಂದು ಶುರುವಾಗಿತ್ತು. ಇದಕ್ಕೆ ಯಾರಾದರೂ ಅಳುವುದಿದ್ದರೆ ಅದು ಓದಬೇಕಾಗಿ ಬಂದ ನಾನು ಮಾತ್ರ. “ಇಂಥ ಅಜ್ಜಿ ಎಲ್ರ ಮನೇಲೂ ಸತ್ತಿದಾರೆ. ನಿಮ್ಮಜ್ಜಿ ಯಾರು ಇದ್ರಲ್ಲಿ? ಅವ್ರಲ್ಲಿ ನಿಂಗೆ ಆಗದೇ ಇರೋದು ಏನಾದ್ರೂ ಇದ್ಯಾ?” ಎಂದೆ.

“ಬೇಕಾದಷ್ಟಿದೆ ಮ್ಯಾಮ್.”

“ಅದನ್ನ ಬರಿ.”

ಮೇ ತಿಂಗಳೆಲ್ಲ ಹೀಗೇ ಹೋಯಿತು. ಮಧ್ಯಾಹ್ನ ಕಾದು, ಸಂಜೆ ಗುಡುಗಿ, ಆಲಿಕಲ್ಲು ಬಿದ್ದು, ಕರೆಂಟ್ ಹೋಗುವ ಮೇ. ಒಂದು ಗಾಳಿಮಳೆಗೆ ನಮ್ಮ ಕಾಲೇಜಿನ ಎದುರಿನ ಗುಲ್‌ಮೊಹರ್ ಯಾರದೋ ಕಾರಿನ ಮೇಲೆ ಒರಗಿತು. ಸಿಂಚನ ಬರೆಯುವುದು, ನಾನು ಹೊಡೆದುಹಾಕುವುದು. ‘ಅಗಲಿದ ಚೇತನ’ ಹೊಡೆದೆ. ‘ಕಣ್ಣಂಚಿನ ಹನಿ’ ಹೊಡೆದೆ. ಅವಳು ಒಂದು ಸಲವೂ ಮುಖ ಸಪ್ಪಗೆ ಮಾಡಲಿಲ್ಲ, ಎದುರಾಡಲಿಲ್ಲ, ಮಾರನೆಯ ದಿನ ಮತ್ತೆ ತಂದಳು. ಅಂಕಕ್ಕಾಗಿ ಬರೆಯುವ ಮಕ್ಕಳನ್ನು ಎಷ್ಟೋ ವರ್ಷ ನೋಡಿದ್ದೇನೆ. ಇವಳಿಗೆ ಬೇಕಾದದ್ದು ಒಬ್ಬರ ಅಳು. ಅದು ಸಿಗದಿದ್ದರೆ ಮನೆಯಲ್ಲಿ ಒಂದು ಜೀವ ಹೋಗುತ್ತದೆ ಎಂದು ಗೊತ್ತಿದ್ದು ವಾಕ್ಯ ತಿದ್ದುವವಳನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೆ ಅವಳ ಮೇಲೆ ಅಕ್ಕರೆ ಬಂತು. ಅವಳನ್ನು ಈ ಸ್ಥಿತಿಗೆ ತಂದ ಮುದುಕಿಯ ಮೇಲೆ ಅಷ್ಟೇ ಸಿಟ್ಟೂ ಬಂತು.

ತಿಂಗಳ ಮೂರನೆಯ ವಾರ ತರಗತಿಯಲ್ಲಿ ಓದಿಸಿದೆ. ಅಜ್ಜಿಯರ ಮೇಲಿನ ನಿಷೇಧ ನಾನೇ ಮುರಿದದ್ದಕ್ಕೆ ದರ್ಶನ್ ಆಕ್ಷೇಪ ಎತ್ತಿದ. ಕೂರಿಸಿದೆ. ಸಿಂಚನಳ ದನಿ ಸಣ್ಣದು, ಫ್ಯಾನಿನ ಸದ್ದು ದೊಡ್ಡದು. ಹಿಂದಿನ ಬೆಂಚಿನವರಿಗೆ ಏನೂ ಕೇಳಿಸಲಿಲ್ಲ, ಮುಂದಿನ ಬೆಂಚಿನವರು ಬಯ್ಗುಳ ಬಂದ ಕಡೆಯಲ್ಲೆಲ್ಲ ನಕ್ಕರು. ಕೊನೆಗೆ ಕಿಟಕಿಯ ಪಕ್ಕ ಒಬ್ಬ ಹುಡುಗಿ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡಳು. ಸಿಂಚನ ಹಾಳೆ ಬಿಟ್ಟು ಅವಳ ಬಳಿ ಓಡಿದಳು. “ಅತ್ಯಾ? ನಿಜವಾಗ್ಲೂ ಅತ್ಯಾ?”

“ಇಲ್ವೇ, ನಂದು ಬೇರೆ ಟೆನ್ಷನ್. ಅವ್ನು ಬ್ಲಾಕ್ ಮಾಡ್ಬಿಟ್ಟ” ಎಂದಳು ಆ ಹುಡುಗಿ.

ಹೇಗಿದ್ದರೂ ಕಣ್ಣೀರು ತಾನೆ, ಮನೆಗೆ ಹೋಗಿ ಹೇಳಿಬಿಡು ಎಂದು ನಾನು ಹೇಳಿದೆ. ಸಿಂಚನ ಒಪ್ಪಲಿಲ್ಲ.

ಜೂನ್ ಬಂತು. ಅಜ್ಜಿಗೆ ನೋವು ಜಾಸ್ತಿಯಾಗಿದೆ, ರಾತ್ರಿ ನರಳುತ್ತಾರೆ, ಆದರೂ ಜಪ್ಪಯ್ಯ ಅನ್ನುವುದಿಲ್ಲ ಎಂದು ಸಿಂಚನ ಹೇಳಿದ ದಿನ ನಾನು ಹಾಜರಿ ಪುಸ್ತಕ ಮುಚ್ಚಿ ಎದ್ದೆ. ಆ ಅಜ್ಜಿಯನ್ನು ನಾನೇ ಹೋಗಿ ನೋಡುತ್ತೇನೆ, ನಾಲ್ಕು ಮಾತು ಆಡಿ ಬರುತ್ತೇನೆ ಎಂದೆ. ದರ್ಶನ್ ಮತ್ತು ಇನ್ನು ಕೆಲವರು, “ನಾವೂ ಬರ್ತೀವಿ ಮ್ಯಾಮ್” ಎಂದು ಹಿಂದೆಯೇ ಹೊರಟರು. ಆ ಗಂಟೆಗೆ ಅಕೌಂಟೆನ್ಸಿ ಕ್ಲಾಸ್ ಇತ್ತೆಂದು ನನಗೆ ಆಮೇಲೆ ಗೊತ್ತಾಯಿತು.

ಅಗೆದ ರಸ್ತೆಯ ಮೇಲೆ ಹಾಸಿದ ಹಲಗೆ ದಾಟಿ ಅವರ ಮನೆಗೆ ಹೋದೆವು. ಹಳೆಯ ಕಾಲದ ಉದ್ದನೆಯ ಮನೆ. ಬಾಗಿಲಾದ ತಕ್ಷಣ ಹಜಾರ, ಅದರ ಎಡಕ್ಕೆ ಕೋಣೆ. ಚಿಕ್ಕತಾಯಮ್ಮ ಕೋಣೆಯ ಮಂಚದ ಮೇಲೆ ಗೋಡೆಗೆ ಒರಗಿ ಹೊಟ್ಟೆಗೆ ದಿಂಬು ಒತ್ತಿಕೊಂಡು ಕೂತಿದ್ದರು. ನಾನು ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕುಳಿತೆ. ಮಕ್ಕಳು ಹಜಾರದ ನೆಲದ ಮೇಲೆ ಸಾಲಾಗಿ ಕೂತು, ತಲೆ ತಗ್ಗಿಸಿ ಫೋನ್ ನೋಡತೊಡಗಿದರು. ಸಿಂಚನಳ ಅಮ್ಮ ಇಷ್ಟು ಜನವನ್ನು ನೋಡಿ ಗಾಬರಿಯಾಗಿ, ಖಾರ ಏನಾದರೂ ತರಿಸೋಣವೆಂದು ಗಂಡನಿಗೆ ಫೋನ್ ಮಾಡಿ, “ಬೇಗ ಬನ್ರೀ, ಮನೆಗೆ ಜನ ಬಂದವ್ರೆ” ಎಂದರು. ಉಳಿದದ್ದನ್ನು ಹೇಳುವಷ್ಟರಲ್ಲಿ ಅವರು ಫೋನ್ ಇಟ್ಟುಬಿಟ್ಟಿದ್ದರು.

ನಾನು ಸುತ್ತು ಬಳಸದೆ ಶುರುಮಾಡಿದೆ. “ಅಜ್ಜಿ, ಒಂದು ಕಾಗೆಗೋಸ್ಕರ ಹೀಗೆ ಮಾಡ್ತಾರಾ? ನಿಮ್ಮ ಮೊಮ್ಮಗಳು ಪರೀಕ್ಷೆಗೆ ಓದೋದು ಬಿಟ್ಟು ಒಂದೂವರೆ ತಿಂಗಳಿಂದ ನಿಮ್ಮ ಸಾವು ಬರೀತಾ ಇದಾಳೆ.”

“ಕಾಗೆ ಬುಡಿ ಮೇಡಂ” ಎಂದರು ಅವರು, ನೊಣ ಓಡಿಸುವವರ ಹಾಗೆ ಕೈಯಾಡಿಸಿ. “ಕಾಗೆ ಮುಟ್ಟದ್ ತಲೆ ಯಾವ್ದೈತೆ? ಸುದ್ದಿ ಯೋಳ್ಸೋವರ್ಗೂ ನಂಗೂ ಅದ್ರುದೇ ಭಯ ಇತ್ತು. ಆಮೇಲ್ ಅದಲ್ಲ. ಫೋನಲ್ಲಿ ನಾನೇ ಕಿವಿಯಾರೆ ಕೇಳಿಸ್ಕಂಡೆ. ಚಿಕ್ಕತಾಯಿ ಸತ್ತೋದ್ಲು ಅಂದ್ರೆ, ನಮ್ಮವ್ವನ್ ಹೊಟ್ಟೇಲಿ ಹುಟ್ಟಿದೋಳು ‘ಔದಾ’ ಅಂದ್ಲು. ನಾನ್ ಹೆತ್ತೋಳು ಸಾರು ಇಳಿಸ್ಬೇಕು ಅಂದ್ಲು. ಸುಳ್ಳು ಅಂತ ಗೊತ್ತಿರ್ಲಿ, ಆದ್ರೂ ಎದೆ ಒಂದ್ ಕಿತ ಧಸಕ್ ಅನ್ಬಾರ್ದಾ? ಹೊಟ್ಟೆ ಕೊಯ್ಸ್ಕಂಡು ಇನ್ನೊಂದಷ್ಟ್ ವರ್ಸ ಇದ್ದು ಯಾರ್‌ಗೇನಾಗ್ಬೇಕು?”

ನಾನು ಮಾತು ಕಟ್ಟಿಕೊಂಡು ಹೋಗಿದ್ದೆ. ಮೂಢನಂಬಿಕೆಯ ಬಗ್ಗೆ, ವಿಜ್ಞಾನದ ಬಗ್ಗೆ, ಡಾಕ್ಟರ ಬಗ್ಗೆ. ಅವೆಲ್ಲ ಕಾಗೆಗೆ ಹೇಳಬೇಕಾದ ಮಾತುಗಳಾಗಿದ್ದವು. ತರಗತಿಯಲ್ಲಿ ಯಾವುದನ್ನು ಬರೆಯಿರಿ ಎಂದು ಮಕ್ಕಳ ತಲೆ ತಿಂದಿದ್ದೆನೋ ಅದನ್ನು ಈ ಹೆಂಗಸು ಸಲೀಸಾಗಿ ಆಡಿ ಮುಗಿಸಿದ್ದರು.

“ಮಗ ಇದಾರಲ್ಲ ಅಜ್ಜಿ” ಎಂದೆ, ಏನಾದರೂ ಅನ್ನಬೇಕಲ್ಲ ಎಂದು.

“ಮಂಜನಾ? ಅವ್ರಪ್ಪ ಸತ್ತಾಗ್ಲೇ ಅಳ್ನಿಲ್ಲ ಅವ್ನು. ಶಾಮಿಯಾನದೋರ್ ಜತೆ ಕುರ್ಚಿ ಲೆಕ್ಕ ಮಾತಾಡ್ತಿದ್ದ. ನಿಂಗ್ ಇಷ್ಟ ಬಂದಂಗ್ ಮಾಡ್ಕೊ ಅಂತಾನೆ ನಂಗೆ, ಅಷ್ಟೇಯ.”

ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಬ್ಯಾಗಿನಲ್ಲಿ ಸಿಂಚನಳ ಕೊನೆಯ ಪ್ರತಿ ಇತ್ತು. “ನಿಮ್ಮ ಮೊಮ್ಮಗಳು ಏನು ಬರೆದಿದಾಳೆ ಅಂತಾದ್ರೂ ಕೇಳಿ” ಎಂದು ತೆಗೆದೆ. ಸಿಂಚನ ಬೇಡ ಮ್ಯಾಮ್ ಎಂದು ಅಡ್ಡ ಬಂದಳು. ನಾನು ಕೇಳಲಿಲ್ಲ, ಪಾಠ ಮಾಡುವ ದನಿಯಲ್ಲಿ ಗಟ್ಟಿಯಾಗಿ ಓದಿದೆ.

‘ನಮ್ಮ ಅಜ್ಜಿ ಒಳ್ಳೆಯವರಾಗಿರಲಿಲ್ಲ. ಟಿ.ವಿ. ರಿಮೋಟನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದರು. ನನ್ನ ಫ್ರೆಂಡ್ಸ್ ಬಂದರೆ ಮೊದಲು ಅವರ ಊರು ಕೇಳುತ್ತಿದ್ದರು, ಆಮೇಲೆ ಅವರ ಅಪ್ಪನ ಸಂಬಳ.’

“ಕೇಳುದ್ರೆ ತಪ್ಪೇನು?” ಎಂದರು ಅಜ್ಜಿ.

‘ನಾನು ಕ್ಲಾಸಿನಲ್ಲಿದ್ದಾಗಲೇ ಫೋನ್ ಮಾಡಿ ಊಟ ಆಯಿತಾ ಎನ್ನುತ್ತಿದ್ದರು. ಆಗಿಲ್ಲ ಅಂದರೆ ಬಯ್ಯುತ್ತಿದ್ದರು. ಆಯಿತು ಅಂದರೆ ಏನು ತಿಂದೆ ಎಂದು ಕೇಳಿ ಅದಕ್ಕೂ ಬಯ್ಯುತ್ತಿದ್ದರು. ವಿ.ವಿ. ಪುರಂಗೆ ಹೋಗಿ ದೋಸೆ ತಿಂದು ಬಂದರೆ ನನ್ನ ದುಪಟ್ಟಾ ಮೂಸಿ ಕಂಡುಹಿಡಿಯುತ್ತಿದ್ದರು. ರಜಾ ದಿನವೂ ಬೆಳಿಗ್ಗೆ ಐದು ಗಂಟೆಗೆ ಎಬ್ಬಿಸುತ್ತಿದ್ದರು. ಎದ್ದು ಏನು ಮಾಡಬೇಕು ಎಂದು ಕೇಳಿದರೆ ಅವರಿಗೂ ಗೊತ್ತಿರುತ್ತಿರಲಿಲ್ಲ.’

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಗುವಾಗ ನೋಯುತ್ತಿತ್ತು, ಆದರೂ ನಗುತ್ತಿದ್ದರು. ಆಮೇಲೆ ನಗು ನಿಲ್ಲಿಸಿ, ಮುಂದೆ ಓದಿ ಎಂದು ಕೈಸನ್ನೆ ಮಾಡಿದರು. ಮಕ್ಕಳು ತಲೆ ಎತ್ತಿರಲಿಲ್ಲ.

‘ಅಜ್ಜಿ ಹೋದ ಮಾರನೆಯ ದಿನ ಬೆಳಿಗ್ಗೆ’ ಎಂದು ಕೊನೆಯ ಪ್ಯಾರಾಕ್ಕೆ ಬಂದೆ. ಅಷ್ಟರಲ್ಲಿ ಹೊರಗೆ ಏನೋ ದೊಪ್ಪೆಂದಿತು. ಅದರ ಹಿಂದೆಯೇ ಒಂದು ಕೂಗು. ಅಂಥ ಕೂಗನ್ನು ನಾನು ಆಮೇಲೂ ಕೇಳಿಲ್ಲ. ಹೊಸ್ತಿಲಾಚೆ ನಮ್ಮೆಲ್ಲರ ಚಪ್ಪಲಿಗಳ ರಾಶಿಯ ನಡುವೆ ದಪ್ಪನೆಯ ಗಂಡಸೊಬ್ಬರು ಕುಸಿದು ಕೂತು, ಹೆಲ್ಮೆಟ್ಟು ಉರುಳಿ ಹೋಗಿ, ಎರಡು ಕೈಯಲ್ಲೂ ತಲೆ ಚಚ್ಚಿಕೊಳ್ಳುತ್ತಾ, “ಅವ್ವಾ, ಅವ್ವಾ, ನನ್ ಬಿಟ್ಟೋದ್ಯಾ ಅವ್ವಾ, ನಾನ್ ಅಂಗಡೀಲ್ ಕೂತಿದ್ನಲ್ಲವ್ವಾ” ಎಂದು ಅಳುತ್ತಿದ್ದರು.

ಮಂಜುನಾಥ ಅವರು ಬೇಗ ಬನ್ನಿ, ಜನ ಬಂದಿದ್ದಾರೆ ಎಂದಷ್ಟೇ ಕೇಳಿ ಬಳೇಪೇಟೆಯಿಂದ ಗಾಡಿ ಓಡಿಸಿಕೊಂಡು ಬಂದಿದ್ದರು. ಬೆಳಿಗ್ಗೆ ಹೊರಡುವಾಗ ತಾಯಿ ನರಳುತ್ತಿದ್ದದ್ದು ತಲೆಯಲ್ಲಿತ್ತು. ಬಂದು ನೋಡಿದರೆ ಬಾಗಿಲ ತುಂಬ ಚಪ್ಪಲಿ, ನೆಲದ ಮೇಲೆ ತಲೆ ತಗ್ಗಿಸಿ ಕೂತ ಜನ, ಯಾರೋ ಹೆಂಗಸು ಕೋಣೆಯ ಕಡೆ ಮುಖ ಮಾಡಿ ಅಜ್ಜಿ ಹೋದ ಮಾರನೆಯ ದಿನ ಎಂದು ಓದುತ್ತಿದ್ದಾಳೆ. ಮಂಚ ಅಲ್ಲಿಂದ ಕಾಣುವುದಿಲ್ಲ.

ಸಿಂಚನ ಬಾಯಿ ತೆರೆದು ನಿಂತಿದ್ದಳು. ಕೋಣೆಯೊಳಗಿಂದ ಅಜ್ಜಿ ಮಂಚ ಹಿಡಿದುಕೊಂಡು ಎದ್ದರು, ಗೋಡೆ ಹಿಡಿದು ನಡೆದರು, ಬಾಗಿಲಿಗೆ ಬಂದು ಮಗನನ್ನು ನೋಡಿದರು. ತಕ್ಷಣ ಮಾತಾಡಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಅಳಲಿ ಎಂದು ಬಿಟ್ಟರೋ ಏನೋ, ನನಗೆ ಈಗಲೂ ಅನುಮಾನ ಇದೆ. ಆಮೇಲೆ, “ಲೋ ಮಂಜ, ಇಲ್ಲೇ ಇವ್ನಿ ಕಣೋ” ಎಂದರು. ಒಳಗೆ ತಿರುಗಿ, “ಏಯ್, ಮೊದ್ಲು ಅವನ ಬಾಯ್ಗೆ ಸಕ್ಕರೆ ಹಾಕ್ರೇ” ಎಂದು ಸೊಸೆಗೆ ಕೂಗಿದರು. ಸುಳ್ಳುಸುದ್ದಿಗೆ ಅತ್ತವರ ಬಾಯಿಗೆ ಸಕ್ಕರೆ ಹಾಕುವುದು ಅವರ ಮನೆಯ ಕ್ರಮವಂತೆ.

ಮಂಜುನಾಥ ಅವರು ತಾಯಿಯನ್ನು ನೋಡಿದರು, ನಮ್ಮನ್ನು ನೋಡಿದರು. ಅಳು ಹಾಗೇ ಕೋಪವಾಯಿತು. ಬಾಯಲ್ಲಿ ಸಕ್ಕರೆ ಇಟ್ಟುಕೊಂಡೇ ಹೆಂಡತಿಗೆ ಬಯ್ದರು, ಮಗಳಿಗೆ ಬಯ್ದರು, ದರ್ಶನ್‌ಗೆ ಯಾರೋ ನೀನು ಎಂದು ಬಯ್ದರು, ಕೊನೆಗೆ ನನ್ನ ಕಡೆ ತಿರುಗಿದರು. “ನೀವು ಓದಿರೋರು. ನೀವೂ ಸೇರ್ಕೊಂಡ್ರಾ ಮೇಡಂ ಈ ಹೆಂಗಸ್ರ ಜೊತೆ?” ನಾನು ಇಲ್ಲ ಎನ್ನಲು ಹೋದೆ. ಕೈಯಲ್ಲಿ ಆ ಹಾಳೆ ಇತ್ತು, ನನ್ನ ಮಾತನ್ನು ಯಾರು ನಂಬುತ್ತಾರೆ? ಒಂದೂವರೆ ತಿಂಗಳು ಮೂಢನಂಬಿಕೆ ಎಂದು ಹಾರಾಡಿದವಳು ಕೊನೆಗೆ ಆ ಶಾಸ್ತ್ರವನ್ನು ಸಾಂಗವಾಗಿ ನೆರವೇರಿಸಿಕೊಟ್ಟಿದ್ದೆ.

ಚಿಕ್ಕತಾಯಮ್ಮ ಮಾತ್ರ ಮಂಚಕ್ಕೆ ಹಿಂದಿರುಗಿ, ಒಂದು ಲೋಟ ಕಾಫಿ ಕೇಳಿ ಕುಡಿದು, “ಡಾಕ್ಟ್ರಿಗೆ ಪೋನ್ ಮಾಡ್ಸು, ಬತ್ತೀವಿ ಅಂತ ಹೇಳ್ಸು” ಎಂದರು.

ಕೊಟ್ಟ ದಿನಕ್ಕೇ ಆಪರೇಷನ್ ಆಯಿತು. ಅವತ್ತು ಬೆಳಗಿನಿಂದ ಜಡಿಮಳೆ. ಆಸ್ಪತ್ರೆಗೆ ಅಜ್ಜಿಯ ತಂಗಿ ಬಂದಿದ್ದರು, ಇಬ್ಬರು ಹೆಣ್ಣುಮಕ್ಕಳೂ ಬಂದಿದ್ದರು, ಸ್ಟ್ರೆಚರ್ ಹೊರಟಾಗ ಮೂವರೂ ಸೆರಗು ಕಚ್ಚಿಕೊಂಡು ಅತ್ತರು. “ಈಗ್ ಯಾಕ್ ಅಳ್ತೀರ್ರೇ, ಆಗ್ ಅಳ್ರೇ ಅಂದ್ರೆ ಸಾರ್ ಕಾಸ್ತಿದ್ರಿ” ಎಂದು ಅಜ್ಜಿ ಮಲಗಿದಲ್ಲಿಂದಲೇ ಗದರಿದರಂತೆ. ಮಂಜುನಾಥ ಅವರು ಎಲ್ಲರೊಡನೆಯೂ ಮಾತು ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರಂತೆ. ಗಡ್ಡೆ ಕೆಟ್ಟದ್ದಲ್ಲ, ಆದರೆ ಇನ್ನೊಂದು ತಿಂಗಳು ಬಿಟ್ಟಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು.

ಇತ್ತ ಕಾಲೇಜಿನಲ್ಲಿ ನಾನು ಸಿಂಚನಳ ಬರಹವೊಂದನ್ನೇ ಮ್ಯಾಗಜೀನ್‌ಗೆ ಆರಿಸಿ ಕೊಟ್ಟೆ. ಪ್ರಿನ್ಸಿಪಾಲರು ಮೊದಲ ಸಾಲು ಓದಿ, “ಅಜ್ಜಿ ಒಳ್ಳೆಯವರಾಗಿರಲಿಲ್ಲ ಅಂತ ಇದೆಯಲ್ಲ ಮೇಡಂ, ಪೇರೆಂಟ್ಸ್ ಓದ್ತಾರೆ, ಸ್ವಲ್ಪ ಪಾಸಿಟಿವ್ ಮಾಡ್ಸಿ” ಎಂದರು. ನಾನು ಹಾಳೆಯನ್ನು ವಾಪಸ್ಸು ತೆಗೆದುಕೊಂಡು ಬಂದೆ. ಆ ವರ್ಷ ಮ್ಯಾಗಜೀನ್ ಬರಲೇ ಇಲ್ಲ.

ನಾಲ್ಕಾರು ದಿನ ಬಿಟ್ಟು ಅಜ್ಜಿಯನ್ನು ನೋಡಲು ವಾರ್ಡಿಗೆ ಹೋದೆ. ಸಿಂಚನ ಔಷಧಿ ತರಲು ಕೆಳಗೆ ಹೋಗಿದ್ದಳು. ಮಂಚದ ಪಕ್ಕದ ಕುರ್ಚಿಯಲ್ಲಿ ಮಂಜುನಾಥ ಅವರು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು, ಅವರ ಒಂದು ಕೈ ತಾಯಿಯ ಹೊದಿಕೆಯ ಮೇಲಿತ್ತು. ಅಜ್ಜಿ ಬಿಳಿಚಿಕೊಂಡಿದ್ದರು, ಆದರೆ ಕಣ್ಣು ಚುರುಕಾಗಿತ್ತು. ನನ್ನನ್ನು ಹತ್ತಿರ ಬರಲು ಸನ್ನೆ ಮಾಡಿದರು.

“ಅದು ತಂದಿದ್ದೀರಾ?”

“ಯಾವುದು ಅಜ್ಜಿ?”

“ನಾನ್ ಸತ್ತದ್ದು. ಅವತ್ತು ಪೂರ್ತಿ ಓದ್ನಿಲ್ಲ ನೀವು. ಈ ಕತ್ತೆ ಬಂದು ಅರ್ಚ್ಬುಡ್ತು.”

ಹೊಲಿಗೆ ಹಾಕಿಸಿಕೊಂಡು ಮಲಗಿದವರಿಗೆ ಓದುವಂಥದ್ದಲ್ಲ, ಮನೆಗೆ ಹೋದ ಮೇಲೆ ಓದೋಣ ಎಂದು ನಾನಾ ರೀತಿ ಹೇಳಿ ನೋಡಿದೆ. ಆ ಹೆಂಗಸು ಒಂದು ಹಿಡಿದರೆ ಬಿಡುವವರಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು. ಬ್ಯಾಗಿನಿಂದ ಹಾಳೆ ತೆಗೆದು, ಮಗನಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಕೊನೆಯ ಪ್ಯಾರಾ ಓದಿದೆ.

‘ಅಜ್ಜಿ ಹೋದ ಮಾರನೆಯ ದಿನ ಬೆಳಿಗ್ಗೆ ಐದು ಗಂಟೆಗೆ ನನಗೆ ನಾನೇ ಎಚ್ಚರವಾಯಿತು. ಯಾರೂ ಬಯ್ಯಲಿಲ್ಲ. ಎದ್ದು ಕುಳಿತೆ. ಆಮೇಲೆ ಮತ್ತೆ ಮಲಗಿ ಮುಸುಕು ಹಾಕಿಕೊಂಡೆ, ಇನ್ನೂ ಏಳಲಿಲ್ಲವಾ ಎಂದು ಬಯ್ಯಲು ಬರಬಹುದು ಎಂದು.’

ಮುಗಿಯಿತು ಎಂದೆ. ಅಜ್ಜಿ ಮುಖವನ್ನು ಆ ಕಡೆಗೆ ತಿರುಗಿಸಿಕೊಂಡರು. ಸ್ವಲ್ಪ ಹೊತ್ತಿಗೆ ಹೊದಿಕೆ ಅಲುಗತೊಡಗಿತು. ಅಳಬೇಡಿ ಅಜ್ಜಿ ಎಂದರೆ ಕೇಳಲೊಲ್ಲರು. ಡ್ರಿಪ್ ನೋಡಲು ಬಂದ ನರ್ಸ್ ಗಾಬರಿಯಾಗಿ ಬಗ್ಗಿದಳು.

“ಯಾಕಜ್ಜಿ ಅಳ್ತಿದೀರಾ? ಹೊಲಿಗೆ ನೋಯ್ತಿದ್ಯಾ?”

ಚಿಕ್ಕತಾಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

“ಇಲ್ಲ ಕಣವ್ವ. ನನ್ ಮೊಮ್ಮಗಳ್ ಅಜ್ಜಿ ತೀರೋಗ್ಬುಟ್ಳಂತೆ. ಪಾಪ, ಮಗು ಒಂದೇ ಆಗೋಯ್ತು.”